ಕಲ್ಲು ನೆಲ, ಚಿಕ್ಕ ಟ್ರ್ಯಾಕ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಗಾರಿಗೆ ಮೊದಲಿನ ಮಳೆಗಾಗಿ ಕಾಯುತ್ತಿರುವ ಈ ದಿನಗಳಲ್ಲಿ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಕೇಳುತ್ತಿವೆ. ಕಲ್ಲು, ಗರಸು ತುಂಬಿದ ನೆಲವನ್ನು 18ರಿಂದ 28 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರಿನಿಂದ ನಾಟಿಗೆ ಸಿದ್ಧಪಡಿಸುವುದು ಹೇಗೆ ಎಂಬುದೇ ಆ ಪ್ರಶ್ನೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಗುಡ್ಡದ ಬುಡದಲ್ಲಿ ನಮಗೆ ಮೂರು ಎಕರೆ ಕೆಂಪು ಜಮೀನಿದೆ. ಬಹಳ ವರ್ಷ ಬೀಳುಬಿಟ್ಟಿದ್ದರಿಂದ ಲಂಟಾನ ಬೆಳೆದುಕೊಂಡಿದೆ. ಮಣ್ಣಿನಲ್ಲಿ ಮುಷ್ಟಿಗಾತ್ರದಿಂದ ತಲೆಗಾತ್ರದವರೆಗಿನ ಕಲ್ಲುಗಳಿವೆ. ಈ ವರ್ಷ 24 ಅಶ್ವಶಕ್ತಿಯ ಟ್ರ್ಯಾಕ್ಟರ್, ನಾಲ್ಕು ಅಡಿಯ ರೋಟವೇಟರ್ ಮತ್ತು ಐದು ಹಲ್ಲಿನ ಕಲ್ಟಿವೇಟರ್ ಕೊಂಡಿದ್ದೇವೆ. ಎರಡು ಎಕರೆಯಲ್ಲಿ ಮಾವು, ಒಂದು ಎಕರೆಯಲ್ಲಿ ರಾಗಿ ಮಾಡುವ ಉದ್ದೇಶವಿದೆ. ಆದರೆ ರೋಟವೇಟರ್ ಇಳಿಸಿದ ಮೊದಲ ದಿನವೇ ಬ್ಲೇಡುಗಳು ಮುರಿದು ಕೆಲಸ ನಿಂತುಹೋಗಿದೆ. ಎಲ್ಲಿಂದ ಆರಂಭಿಸಬೇಕು?
— ಗುಡಿಬಂಡೆ ತಾಲ್ಲೂಕಿನ ಓದುಗರು

ಉತ್ತರ: ರೋಟವೇಟರ್ ಈಗಾಗಲೇ ಸಡಿಲಗೊಂಡ ಮಣ್ಣನ್ನು ಪುಡಿಮಾಡಿ ಹದಗೊಳಿಸುವ ಸಲಕರಣೆಯೇ ಹೊರತು ಗಟ್ಟಿ ನೆಲವನ್ನು ಮೊದಲ ಬಾರಿಗೆ ತೆರೆಯುವುದಕ್ಕೆ ತಯಾರಾದದ್ದಲ್ಲ. ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುವ ಅದರ ಬ್ಲೇಡಿನ ತುದಿ ನೆಲದಲ್ಲಿ ಕೂತ ಕಲ್ಲಿಗೆ ಬಡಿದಾಗ ಒಂದೋ ಬ್ಲೇಡು ಮುರಿಯುತ್ತದೆ, ಇಲ್ಲವೇ ಆ ಪೆಟ್ಟು ಗೇರ್‌ಬಾಕ್ಸಿಗೆ ಮತ್ತು ಎಂಜಿನ್ನಿನ ಶಕ್ತಿಯನ್ನು ಸಲಕರಣೆಗೆ ತಲುಪಿಸುವ ಪಿ.ಟಿ.ಓ. ಶಾಫ್ಟಿಗೆ ತಗುಲುತ್ತದೆ. ಬ್ಲೇಡು ಮುರಿದು ಅಷ್ಟಕ್ಕೇ ನಿಂತಿರುವುದು ನಿಮ್ಮ ಪಾಲಿಗೆ ಒಳಿತೇ ಆಯಿತು. ಹೊಸ ಬ್ಲೇಡು ಹಾಕಿಸಿ ಸದ್ಯಕ್ಕೆ ಅದನ್ನು ಕೊಟ್ಟಿಗೆಯಲ್ಲಿಡಿ.

ಮೊದಲ ಕೆಲಸಕ್ಕೆ ಟ್ರ್ಯಾಕ್ಟರ್ ಬೇಕಾಗಿಲ್ಲ. ಒಂದು ಒಳ್ಳೆಯ ಮಳೆ ಬಿದ್ದ ಮರುದಿನ, ಮಣ್ಣು ತೊಳೆದುಹೋಗಿ ಕಲ್ಲುಗಳು ಎದ್ದು ಕಾಣುವ ಹೊತ್ತಿನಲ್ಲಿ, ಒಂದು ಸಲಾಕೆ ಹಿಡಿದು ಹೊಲವನ್ನು ಅಡ್ಡಡ್ಡ ನಡೆಯಿರಿ. ಹತ್ತು ಹೆಜ್ಜೆಗೊಮ್ಮೆ ಸಲಾಕೆಯನ್ನು ನೆಲಕ್ಕೆ ಚುಚ್ಚಿ ನೋಡಿದರೆ ಎಲ್ಲಿ ಅದು ಒಂದೂವರೆ ಅಡಿ ಇಳಿಯುತ್ತದೆ, ಎಲ್ಲಿ ಪಕ್ಕಕ್ಕೆ ಜಾರಿ ಮುಂದೆ ಇಳಿಯುತ್ತದೆ, ಎಲ್ಲಿ ಠಣ್ಣೆಂದು ನಿಲ್ಲುತ್ತದೆ ಎಂಬುದು ತಿಳಿಯುತ್ತದೆ. ಜಾರಿ ಇಳಿದರೆ ಅಲ್ಲಿರುವುದು ಬಿಡಿಗಲ್ಲು. ಹತ್ತಿರ ಹತ್ತಿರ ಎಷ್ಟು ಕಡೆ ಚುಚ್ಚಿದರೂ ಒಂದೇ ಆಳದಲ್ಲಿ ನಿಂತರೆ ಅದು ಹಾಸುಬಂಡೆ. ಹಾಸುಬಂಡೆಯ ಮೇಲೆ ಯಾವ ಟ್ರ್ಯಾಕ್ಟರಿನಿಂದಲೂ ಪ್ರಯೋಜನವಿಲ್ಲವಾದ್ದರಿಂದ ಅಂಥ ತುಣುಕುಗಳನ್ನು ಸುಣ್ಣದ ಗೆರೆಯಿಂದ ಗುರುತಿಸಿ ಉಳುಮೆಯಿಂದ ಹೊರಗಿಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದ ಕೆಂಪು ಮಣ್ಣು ಹುಟ್ಟಿರುವುದೇ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಶಿಥಿಲವಾಗಿ. ಆದ್ದರಿಂದ ಒಂದೇ ಹೊಲದೊಳಗೆ ಮೂರು ಅಡಿ ಮಣ್ಣಿರುವ ಜಾಗವೂ, ಅಂಗೈ ದಪ್ಪದ ಮಣ್ಣಿನ ಕೆಳಗೇ ಬಂಡೆಯಿರುವ ಜಾಗವೂ ಅಕ್ಕಪಕ್ಕದಲ್ಲಿರುವುದು ಇಲ್ಲಿ ಸಾಮಾನ್ಯ.

ಇದೇ ಸಮಯದಲ್ಲಿ ಮಣ್ಣು ಪರೀಕ್ಷೆಗೂ ಮಾದರಿ ತೆಗೆಯಿರಿ. ಒಂದು ಮಾತನ್ನು ನೆನಪಿನಲ್ಲಿಡಬೇಕು: ಪ್ರಯೋಗಾಲಯದಲ್ಲಿ ಮಣ್ಣನ್ನು 2 ಮಿಲಿಮೀಟರಿನ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದ ನುಣ್ಣನೆಯ ಭಾಗವನ್ನು ಮಾತ್ರ ಪರೀಕ್ಷಿಸುತ್ತಾರೆ. ನಿಮ್ಮ ಹೊಲದ ಗಾತ್ರದಲ್ಲಿ ಮೂರರಲ್ಲಿ ಒಂದು ಪಾಲು ಗರಸು ಮತ್ತು ಕಲ್ಲು ಇದ್ದರೆ, ವರದಿಯಲ್ಲಿ ಕಾಣುವ ಪೋಷಕಾಂಶ ಆ ಹೊಲದ ಉಳಿದ ಎರಡು ಪಾಲಿನಲ್ಲಿ ಮಾತ್ರ ಇದೆ ಎಂದು ತಿಳಿಯಬೇಕು. ನೀರು ಹಿಡಿದಿಡುವ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಕಲ್ಲು ನೆಲದಲ್ಲಿ ಬೆಳೆ ಬೇಗ ಬಾಡಲು ಇದೇ ಮುಖ್ಯ ಕಾರಣ. ಇಲ್ಲಿ ಗೊಬ್ಬರ ಮತ್ತು ಕೆರೆಗೋಡಿಗಾಗಿ (ಕೆರೆಯ ಹೂಳಿಗಾಗಿ) ಮಾಡುವ ಖರ್ಚು ಸಲಕರಣೆಗೆ ಮಾಡುವ ಖರ್ಚಿಗಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಉಳುಮೆಯ ವಿಚಾರ. ಒಣಗಿದ ಕೆಂಪು ಮಣ್ಣು ಇಟ್ಟಿಗೆಯಂತೆ ಬಿಗಿಯುತ್ತದೆ, ಅದರೊಳಗೆ ಸಿಕ್ಕಿಕೊಂಡ ಕಲ್ಲು ಅಲುಗುವುದೇ ಇಲ್ಲ. ಅದೇ ಮಣ್ಣು ಹದವಾಗಿ ನೆನೆದಿದ್ದರೆ, ಕಲ್ಟಿವೇಟರಿನ ಹಲ್ಲು ತಗುಲಿದ ಕಲ್ಲು ತಾನಾಗಿ ಮಗ್ಗುಲಾಗಿ ಮೇಲೆ ಬರುತ್ತದೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳಲ್ಲಿ ಯಾವುದಾದರೂ ಒಂದು ಚೆನ್ನಾಗಿ ಬಿದ್ದು, ಎರಡು ಮೂರು ದಿನ ಕಳೆದ ಮೇಲೆ ನಾಲ್ಕಂಗುಲ ಆಳದ ಮಣ್ಣನ್ನು ಕೈಯಲ್ಲಿ ಹಿಡಿದು ಅದುಮಿ ನೋಡಿ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಉದುರಿದರೆ ಹದ ಬಂದಿದೆ. ಉಂಡೆ ಕೈಗೆ ಅಂಟಿದರೆ ಇನ್ನೂ ಒಂದು ದಿನ ಕಾಯಬೇಕು. ಅವಸರಪಟ್ಟು ಹಸಿ ಮಣ್ಣಿಗೆ ಚಕ್ರ ಇಳಿಸಿದರೆ ಕೆಳಪದರ ಬಿಗಿದು, ಆ ಬಿಗಿತ ಆ ವರ್ಷವಿಡೀ ಉಳಿಯುತ್ತದೆ.

ಲಂಟಾನವನ್ನು ಉಳುಮೆಗೆ ಮೊದಲೇ ಬುಡಸಮೇತ ಕಿತ್ತಿರಬೇಕು. ಬರೀ ಮೇಲೆ ಕಡಿದು ಬಿಟ್ಟರೆ ಬೇರಿನ ಗಂಟು ಕಲ್ಟಿವೇಟರಿಗೆ ಸಿಕ್ಕಿಕೊಳ್ಳುವುದಲ್ಲದೆ ಮಳೆ ಬಂದೊಡನೆ ಮತ್ತೆ ಚಿಗುರುತ್ತದೆ.

ನಿಮ್ಮ ಕಲ್ಟಿವೇಟರ್ ಸ್ಪ್ರಿಂಗ್ ಇರುವಂಥದ್ದೋ ಬಿಗಿ ಹಲ್ಲಿನದೋ ಎಂದು ನೀವು ಬರೆದಿಲ್ಲ. ಕಲ್ಲು ನೆಲಕ್ಕೆ ಸ್ಪ್ರಿಂಗ್ ಹಲ್ಲಿನದೇ ಆಗಬೇಕು. ಕಲ್ಲು ತಾಗಿದಾಗ ಆ ಒಂದು ಹಲ್ಲು ಮಾತ್ರ ಹಿಂದಕ್ಕೆ ಮಣಿದು, ಕಲ್ಲನ್ನು ದಾಟಿ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಮೊದಲ ಸುತ್ತಿಗೆ ಐದು ಹಲ್ಲುಗಳಲ್ಲಿ ಎರಡನ್ನು ಬಿಚ್ಚಿ ಮೂರನ್ನು ಮಾತ್ರ ಉಳಿಸಿಕೊಳ್ಳಿ. ಹಲ್ಲುಗಳ ನಡುವೆ ಅಂತರ ಹೆಚ್ಚಾದಷ್ಟೂ ಕಲ್ಲುಗಳು ಸಿಕ್ಕಿಕೊಳ್ಳದೆ ಹಿಂದಕ್ಕೆ ಜಾರುತ್ತವೆ, ಟ್ರ್ಯಾಕ್ಟರಿಗೂ ಎಳೆತದ ಭಾರ ತಗ್ಗುತ್ತದೆ. ಆಳ ಮೂರು ನಾಲ್ಕು ಅಂಗುಲ ಸಾಕು. ಗೇರು ‘ಲೋ’ದಲ್ಲಿರಲಿ, ವೇಗ ಗಂಟೆಗೆ ಎರಡು ಮೂರು ಕಿಲೋಮೀಟರ್ ಮೀರದಿರಲಿ. ಟ್ರ್ಯಾಕ್ಟರಿನಲ್ಲಿ ಡ್ರಾಫ್ಟ್ ಲಿವರ್ ಇದ್ದರೆ ಅದನ್ನು ಬಳಸಿ. ಭಾರ ಹೆಚ್ಚಾದಾಗ ಹೈಡ್ರಾಲಿಕ್ ತಾನಾಗಿ ಸಲಕರಣೆಯನ್ನು ಸ್ವಲ್ಪ ಎತ್ತುವುದರಿಂದ ಹಿಂಚಕ್ರ ಜಾರುವುದು ಕಡಿಮೆಯಾಗುತ್ತದೆ. ಉಳುಮೆ ಇಳಿಜಾರಿಗೆ ಅಡ್ಡವಾಗಿಯೇ ಆಗಬೇಕು. ಮೇಲಿನಿಂದ ಕೆಳಕ್ಕೆ ಉತ್ತ ಸಾಲುಗಳು ಮೊದಲ ಜೋರು ಮಳೆಗೇ ಕಾಲುವೆಗಳಾಗಿ, ಇರುವ ಅಲ್ಪಸ್ವಲ್ಪ ನುಣ್ಣನೆಯ ಮಣ್ಣನ್ನೂ ಹೊತ್ತೊಯ್ಯುತ್ತವೆ.

ಮೊದಲ ಸುತ್ತಿನಲ್ಲಿ ಮೇಲೆ ಬಂದ ಕಲ್ಲುಗಳನ್ನು ಆರಿಸಿದ ನಂತರ ಎರಡನೆಯ ಸುತ್ತನ್ನು ಮೊದಲ ಸಾಲುಗಳಿಗೆ ಓರೆಯಾಗಿ, ಐದಾರು ಅಂಗುಲ ಆಳಕ್ಕೆ ಹೊಡೆಯಿರಿ. ಮೂರನೆಯ ಸುತ್ತು ಬೇಕೇ ಎಂಬುದನ್ನು ನೆಲವೇ ಹೇಳುತ್ತದೆ. ಪ್ರತಿ ಸುತ್ತಿನ ನಡುವೆ ಒಂದು ಮಳೆ ಬಿದ್ದರೆ ಕೆಲಸ ಹಗುರವಾಗುತ್ತದೆ. ಹಲ್ಲಿನ ತುದಿಗೆ ಬೋಲ್ಟಿನಿಂದ ಬಿಗಿದ ಪಟ್ಟಿ ಒಂದು ಕಡೆ ಸವೆದಾಗ ಬಿಚ್ಚಿ ತಿರುಗಿಸಿ ಹಾಕಬಹುದು. ಬೆಣಚುಕಲ್ಲಿನ ನೆಲದಲ್ಲಿ ಅದು ಬೇಗನೆ ಸವೆಯುವುದರಿಂದ ಒಂದು ಜೊತೆಯನ್ನು ಹೆಚ್ಚಿಗೆ ಇಟ್ಟುಕೊಳ್ಳಿ.

ರೋಟವೇಟರ್ ಬೇಕಾಗುವುದು ನಿಮ್ಮ ಒಂದು ಎಕರೆ ರಾಗಿಯಲ್ಲಿ ಮಾತ್ರ. ರಾಗಿ ಬೀಜ ಸಣ್ಣದು, ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದರೆ ಮೊಳಕೆ ಸರಿಯಾಗಿ ಏಳುವುದಿಲ್ಲವಾದ್ದರಿಂದ ಮೇಲ್ಮಣ್ಣು ನುಣುಪಾಗಿರಬೇಕು. ಮುಷ್ಟಿಗಿಂತ ದೊಡ್ಡ ಕಲ್ಲುಗಳೆಲ್ಲ ಹೊರಗೆ ಹೋದ ಮೇಲೆ, ಹಿಂದಿನ ಹಲಗೆಯನ್ನು ಪೂರ್ತಿ ಇಳಿಸಿ, ಮೂರಂಗುಲಕ್ಕಿಂತ ಆಳಕ್ಕೆ ಹೋಗದಂತೆ ಒಂದೇ ಸುತ್ತು ಹೊಡೆಯಿರಿ. ಆ ಹೊತ್ತಿನಲ್ಲಿ ಹಿಂದೆ ಯಾರೂ ನಿಲ್ಲಬಾರದು. ರೋಟವೇಟರ್ ಎಸೆಯುವ ಸಣ್ಣ ಕಲ್ಲೂ ಕಣ್ಣು ಕಳೆಯಬಲ್ಲದು. ವರ್ಷವರ್ಷವೂ ಅದನ್ನೇ ಹೊಡೆಯುತ್ತಾ ಹೋದರೆ ಬ್ಲೇಡು ಓಡುವ ಆಳದಲ್ಲಿ ಗಟ್ಟಿ ಪದರವೊಂದು ಕಟ್ಟಿಕೊಳ್ಳುತ್ತದೆ. ಮೊದಲ ವರ್ಷ ರಾಗಿಯ ಬದಲು ಹಸಿರೆಲೆ ಗೊಬ್ಬರದ ಬೆಳೆಯಾದ ಅಪ್ಸೆಣಬನ್ನು ಎಕರೆಗೆ 10ರಿಂದ 15 ಕಿಲೋ ಬಿತ್ತಿ, ಸುಮಾರು 45 ದಿನಕ್ಕೆ ಹೂ ಬರುವ ಹೊತ್ತಿನಲ್ಲಿ ಮಣ್ಣಿಗೆ ಸೇರಿಸಿ, ಆಗಸ್ಟ್ ಕೊನೆಯಲ್ಲಿ ಹುರುಳಿ ಚೆಲ್ಲಿದರೆ ಇನ್ನೂ ಒಳ್ಳೆಯದು. ಹುರುಳಿಗೆ ಇಷ್ಟೊಂದು ನುಣುಪು ಮಣ್ಣು ಬೇಡ, ಕಲ್ಲಿನ ನಡುವೆಯೂ ಅದು ಹಬ್ಬಿ ನೆಲ ಮುಚ್ಚುತ್ತದೆ. ರಾಗಿಯನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಮಾವಿನ ಎರಡು ಎಕರೆಯ ಲೆಕ್ಕವೇ ಬೇರೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದರ ಮೇಲಿನ ಅರ್ಧ ಅಡಿ ಮಣ್ಣಿನ ಗಾತ್ರ ಸುಮಾರು 600 ಘನ ಮೀಟರ್ ಆಗುತ್ತದೆ. 10 ಮೀಟರ್ ಅಂತರದಲ್ಲಿ ಎಕರೆಗೆ 40 ಮಾವಿನ ಗಿಡ ಹಿಡಿಯುತ್ತವೆ. ಒಂದೊಂದಕ್ಕೂ ಉದ್ದ, ಅಗಲ, ಆಳ ಒಂದೊಂದು ಮೀಟರಿನ ಗುಂಡಿ ತೆಗೆದರೆ ನೀವು ಸಿದ್ಧಪಡಿಸಬೇಕಾದದ್ದು 40 ಘನ ಮೀಟರ್ ಮಾತ್ರ. ಗಿಡದ ಬೇರು ಮೊದಲ ಎರಡು ಮೂರು ವರ್ಷ ನೆಚ್ಚಿಕೊಳ್ಳುವುದು ಆ ಗುಂಡಿಯೊಳಗಿನ ಮಣ್ಣನ್ನೇ. ಆದ್ದರಿಂದ ಮಾವಿನ ಭಾಗದಲ್ಲಿ ಇಡೀ ಹೊಲದ ಕಲ್ಲು ತೆಗೆಯುವ ಹಟ ಬಿಟ್ಟು, ಒಂದು ಸಲ ಮೇಲುಮೇಲೆ ಕಲ್ಟಿವೇಟರ್ ಹೊಡೆದು ಕಳೆ ಹಿಡಿತಕ್ಕೆ ತಂದುಕೊಂಡು, ಹಣ ಮತ್ತು ಶ್ರಮವನ್ನೆಲ್ಲ ಗುಂಡಿಗಳಿಗೆ ಮೀಸಲಿಡಿ. ಶ್ರೀನಿವಾಸಪುರದ ಸುತ್ತಿನ ಮಾವಿನ ತೋಪುಗಳನ್ನು ನೋಡಿದವರಿಗೆ ಗರಸು ನೆಲದಲ್ಲಿ ಮಾವು ಬರುತ್ತದೆಯೋ ಇಲ್ಲವೋ ಎಂಬ ಸಂದೇಹ ಉಳಿಯುವುದಿಲ್ಲ.

ಪ್ರಶ್ನೆ: ಹೊಲದ ಕಲ್ಲನ್ನೆಲ್ಲ ಆರಿಸಿ ಟ್ರಾಲಿಯಲ್ಲಿ ಹೊರಗೆ ಸಾಗಿಸಬೇಕೆಂದಿದ್ದೇವೆ. ಎಷ್ಟು ಕಲ್ಲು ತೆಗೆಯಬೇಕು, ಅದನ್ನು ಏನು ಮಾಡಬೇಕು?
— ಪಾವಗಡ ತಾಲ್ಲೂಕಿನ ಓದುಗರು

ಉತ್ತರ: ಟ್ರಾಲಿ ಜೋಡಿಸುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಒಂದು ಎಕರೆಯ ಅರ್ಧ ಅಡಿ ಮೇಲ್ಮಣ್ಣಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಆರಿಸಬಹುದಾದ ಕಲ್ಲಿದೆ ಎಂದಿಟ್ಟುಕೊಂಡರೂ ಅದು 60 ಘನ ಮೀಟರ್ ಗಟ್ಟಿ ಕಲ್ಲಾಗುತ್ತದೆ. ಗ್ರಾನೈಟ್ ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರವಿರುವುದರಿಂದ ಅದರ ತೂಕ 150 ಟನ್ ದಾಟುತ್ತದೆ. ಚಿಕ್ಕ ಟ್ರ್ಯಾಕ್ಟರ್ ಏರುತಗ್ಗಿನ ಹೊಲದಲ್ಲಿ ಒಂದು ಟನ್‌ಗಿಂತ ಹೆಚ್ಚು ಹೊರುವುದು ಕ್ಷೇಮವಲ್ಲ. ಅಂದರೆ ಒಂದೇ ಎಕರೆಗೆ 150 ಟ್ರಾಲಿ. ಡೀಸೆಲ್, ಕೂಲಿ, ಸಮಯ ಎಲ್ಲವನ್ನೂ ಸೇರಿಸಿ ನೋಡಿದರೆ ಇದು ಹೆಚ್ಚಿನ ರೈತರ ಕೈಗೆ ಎಟುಕುವ ಕೆಲಸವಲ್ಲ, ಅದರ ಅಗತ್ಯವೂ ಇಲ್ಲ.

ಕಲ್ಲೆಲ್ಲ ಕೆಟ್ಟದ್ದು ಎಂಬ ಭಾವನೆಯನ್ನು ದಯವಿಟ್ಟು ಬಿಡಿ. ನೆಲದ ಮೇಲೆ ಹರಡಿಕೊಂಡ ಸಣ್ಣ ಕಲ್ಲುಗಳು ಮಳೆಹನಿಯ ಪೆಟ್ಟನ್ನು ತಾವು ತಾಳಿಕೊಂಡು ಮಣ್ಣು ಕೊಚ್ಚಿಹೋಗದಂತೆ ನೋಡಿಕೊಳ್ಳುತ್ತವೆ, ಬಿಸಿಲಿಗೆ ತೇವ ಆರುವುದನ್ನೂ ತಡೆಯುತ್ತವೆ. ನಿಂಬೆಹಣ್ಣಿಗಿಂತ ಚಿಕ್ಕ ಕಲ್ಲುಗಳನ್ನು ಹೊಲದಲ್ಲಿಯೇ ಬಿಡಿ. ಸಲಕರಣೆಗೆ ತೊಡಕಾಗುವ ಮುಷ್ಟಿಗಾತ್ರದ ಮತ್ತು ಅದಕ್ಕಿಂತ ದೊಡ್ಡ ಕಲ್ಲುಗಳನ್ನು ಮಾತ್ರ ಆರಿಸಿ. ಅದನ್ನೂ ಒಂದೇ ವರ್ಷದಲ್ಲಿ ಮುಗಿಸಬೇಕೆಂದಿಲ್ಲ. ಪ್ರತಿ ಉಳುಮೆಯಲ್ಲೂ ಕೆಳಗಿನಿಂದ ಇನ್ನಷ್ಟು ಮೇಲೆ ಬರುತ್ತಲೇ ಇರುತ್ತವೆ. ಬೆಳೆಯ ಆಯ್ಕೆಗೆ ತಕ್ಕಂತೆಯೂ ಇದು ಬದಲಾಗುತ್ತದೆ. ಕ್ಯಾರೆಟ್, ಮೂಲಂಗಿ ಕಲ್ಲಿಗೆ ತಾಗಿ ಕವಲೊಡೆಯುತ್ತವೆ. ನಿಮ್ಮ ಭಾಗದ ಮುಖ್ಯ ಬೆಳೆಯಾದ ಶೇಂಗಾ ಕೀಳುವಾಗ ಕಲ್ಲಿದ್ದರೆ ಕಾಯಿ ಹರಿದು ಮಣ್ಣಿನಲ್ಲೇ ಉಳಿಯುತ್ತದೆ. ಶೇಂಗಾ ಹಾಕುವ ತಾಕನ್ನು ಮೊದಲು ಚೊಕ್ಕಗೊಳಿಸಿ, ಹುರುಳಿ, ಸಾಮೆ, ಹುಚ್ಚೆಳ್ಳಿನ ತಾಕನ್ನು ಹಾಗೆಯೇ ಬಿಡಬಹುದು.

ಆರಿಸಿದ ಕಲ್ಲನ್ನು ಹೊಲದ ಹೊರಗೆ ಸುರಿಯುವುದು ನಷ್ಟ. ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಸಾಗುವ ಸಮಪಾತಳಿ ಗೆರೆಯನ್ನು ಗುರುತಿಸಿಕೊಂಡು ಅಲ್ಲೇ ಕಲ್ಲು ಬದು ಕಟ್ಟಿದರೆ ಸಾಗಣೆಯ ದೂರ ಕಡಿಮೆಯಾಗುತ್ತದೆ, ಮಣ್ಣೂ ಉಳಿಯುತ್ತದೆ. ಗೆರೆಯ ಉದ್ದಕ್ಕೂ ಅರ್ಧ ಅಡಿ ಆಳದ ಪಾಯ ತೋಡಿ, ದೊಡ್ಡ ಕಲ್ಲುಗಳನ್ನು ಅದರಲ್ಲಿ ಅಲುಗದಂತೆ ಕೂರಿಸಿ, ಅವುಗಳ ಮೇಲೆ ಒಂದೂವರೆ ಎರಡು ಅಡಿ ಎತ್ತರಕ್ಕೆ ಒಳಮುಖವಾಗಿ ವಾಲಿಸಿ ಕಟ್ಟಬೇಕು. ಮೇಲ್ಭಾಗದ ಮಗ್ಗುಲಿಗೆ, ಅಂದರೆ ನೀರು ಬರುವ ಕಡೆಗೆ, ಸಣ್ಣ ಕಲ್ಲು ಮತ್ತು ಗರಸನ್ನು ಒತ್ತಾಗಿ ತುಂಬಿ. ಸಿಮೆಂಟು ಹಾಕಬೇಡಿ. ನೀರು ನಿಧಾನವಾಗಿ ಸೋಸಿ ಹೋಗಬೇಕು, ಮಣ್ಣು ಹಿಂದೆ ನಿಲ್ಲಬೇಕು. ಕೆಲವು ವರ್ಷಗಳಲ್ಲಿ ಬದುವಿನ ಹಿಂದೆ ನುಣ್ಣನೆಯ ಮಣ್ಣು ಸೇರಿ ಹೊಲದಲ್ಲೇ ಅತಿ ಒಳ್ಳೆಯ ಪಟ್ಟಿ ಅಲ್ಲಿ ತಯಾರಾಗುತ್ತದೆ. ಬದುವಿನ ಮೇಲ್ಮಗ್ಗುಲಿಗೆ ಲಾವಂಚ ನೆಟ್ಟರೆ ಅದರ ಬೇರು ಕಲ್ಲುಗಳನ್ನು ಹಿಡಿದುಕೊಳ್ಳುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಬದುಗಳಲ್ಲಿ ಲಾವಂಚವನ್ನು ಹಿಂದಿನಿಂದಲೂ ಬೆಳೆಸಿಕೊಂಡು ಬಂದವರು. ಚಪ್ಪಟೆ ಕಲ್ಲುಗಳನ್ನು ಹಣ್ಣಿನ ಗಿಡಗಳ ಪಾತಿಯಲ್ಲಿ, ಕಾಂಡದಿಂದ ಒಂದು ಗೇಣು ಬಿಟ್ಟು, ಹಾಸಬಹುದು.

ಕಲ್ಲನ್ನು ಮಾರಬಹುದೇ ಎಂದೂ ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಸ್ವಂತ ಹೊಲದ ಬದುವಿಗೆ ಬಳಸುವುದು ಒಂದು, ಹೊರಗೆ ಸಾಗಿಸಿ ಮಾರುವುದು ಇನ್ನೊಂದು. ಮಾರುವ ಆಲೋಚನೆಯಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸದೆ ಒಂದು ಟ್ರಾಲಿಯನ್ನೂ ರಸ್ತೆಗೆ ತರಬೇಡಿ.

ಪ್ರಶ್ನೆ: ಹೊಲದ ನಡುವೆ ಅರ್ಧ ಹೂತ ದೊಡ್ಡ ಕಲ್ಲುಗಳಿವೆ. ಸರಪಳಿ ಕಟ್ಟಿ ಎಳೆಯಲು ಹೋದಾಗ ಟ್ರ್ಯಾಕ್ಟರಿನ ಮುಂಚಕ್ರಗಳು ಮೇಲೆದ್ದವು. ಮುಂದೆ ತೂಕ ಹಾಕಿ ಎಳೆಯಬಹುದೇ? ಸಿಡಿಮದ್ದು ಹಾಕಿಸುವುದು ಸುಲಭವೆಂದು ಕೆಲವರು ಹೇಳುತ್ತಾರೆ.
— ಶಿರಾ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಇನ್ನೊಮ್ಮೆ ಹಾಗೆ ಎಳೆಯಬೇಡಿ. ಈ ಅಂಕಣದಲ್ಲಿ ಎಚ್ಚರಿಕೆಯ ಮಾತುಗಳು ಹಲವು ಬಂದಿರಬಹುದು, ಇದರಷ್ಟು ಮುಖ್ಯವಾದದ್ದು ಮತ್ತೊಂದಿಲ್ಲ. ಸರಪಳಿಯನ್ನು ಹಿಂದಿನ ಆಕ್ಸಲಿಗೋ, ಮೂರು ಕೊಂಡಿಯ ಮೇಲಿನ ಟಾಪ್ ಲಿಂಕಿಗೋ ಕಟ್ಟಿ, ಅಲುಗದ ಕಲ್ಲನ್ನು ಎಳೆದರೆ ಹಿಂಚಕ್ರ ತಿರುಗಲಾರದೆ ಟ್ರ್ಯಾಕ್ಟರೇ ಆಕ್ಸಲ್ ಸುತ್ತ ಹಿಂದಕ್ಕೆ ತಿರುಗಿ ಚಾಲಕನ ಮೇಲೆ ಮಗುಚುತ್ತದೆ. ಇದಕ್ಕೆ ಒಂದೆರಡು ಸೆಕೆಂಡು ಸಾಕು. ಮುಂಚಕ್ರ ಎದ್ದದ್ದನ್ನು ಕಂಡು ಕ್ಲಚ್ ತುಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಮುಂದೆ ತೂಕ ಹಾಕುವುದು ಉಳುಮೆಯ ಸಮತೋಲಕ್ಕೆ ನೆರವಾದೀತು, ತಪ್ಪು ಜಾಗಕ್ಕೆ ಕಟ್ಟಿದ ಸರಪಳಿಯ ಅಪಾಯವನ್ನು ಅದು ನೀಗುವುದಿಲ್ಲ. ಎಳೆಯುವುದೇನಿದ್ದರೂ ಹಿಂದೆ ಕೆಳಗಿರುವ ಡ್ರಾಬಾರಿನಿಂದಲೇ ಆಗಬೇಕು, ಸರಪಳಿ ಬಿಗಿಯಾಗುವವರೆಗೆ ನಿಧಾನವಾಗಿ ಚಲಿಸಬೇಕು, ಜಗ್ಗಿ ಎಳೆಯಬಾರದು. ನೈಲಾನ್ ಹಗ್ಗ ಹಿಗ್ಗಿ ತುಂಡಾದಾಗ ಚಾಟಿಯಂತೆ ಹಿಂದಕ್ಕೆ ಬಡಿಯುವುದರಿಂದ ಅದನ್ನು ಬಳಸಲೇಬಾರದು. ಟ್ರ್ಯಾಕ್ಟರಿಗೆ ಉರುಳಿದಾಗ ಕಾಪಾಡುವ ಕಮಾನು ಇದ್ದರೆ ಸೀಟ್ ಬೆಲ್ಟ್ ಹಾಕಿಕೊಂಡೇ ಕೂರಿ.

ಕಲ್ಲಿನ ತೂಕವನ್ನು ಕಣ್ಣು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತದೆ. ಎರಡಡಿ ಅಡ್ಡಳತೆಯ ದುಂಡು ಗ್ರಾನೈಟ್ ಕಲ್ಲು ಸುಮಾರು 300 ಕಿಲೋ ತೂಗುತ್ತದೆ. ಒಂದು ಮೀಟರ್ ಅಡ್ಡಳತೆಯದ್ದು 1,300 ಕಿಲೋ ಮೀರುತ್ತದೆ. 24 ಅಶ್ವಶಕ್ತಿಯ ಎಷ್ಟೋ ಟ್ರ್ಯಾಕ್ಟರುಗಳ ತೂಕವೇ ಅಷ್ಟಿಲ್ಲ. ಎರಡಡಿಯವರೆಗಿನ ಕಲ್ಲನ್ನು ಸುತ್ತಲೂ ಅಗೆದು, ಹಾರೆಯಿಂದ ಮೀಟಿ ಸಡಿಲಿಸಿ, ದಪ್ಪ ಕಬ್ಬಿಣದ ತಗಡಿನ ಮೇಲೆ ಉರುಳಿಸಿ, ಡ್ರಾಬಾರಿನಿಂದ ನೆಲದ ಮೇಲೆಯೇ ಜಾರಿಸಿಕೊಂಡು ಹೋಗಬಹುದು. ಟ್ರಾಲಿಗೆ ಎತ್ತುವ ಪ್ರಯಾಸವೂ ತಪ್ಪುತ್ತದೆ. ಅದಕ್ಕಿಂತ ದೊಡ್ಡ ಕಲ್ಲುಗಳನ್ನೆಲ್ಲ ಮೊದಲೇ ಗುರುತು ಹಾಕಿಟ್ಟುಕೊಂಡು, ಒಂದೇ ದಿನ ಜೆಸಿಬಿ ಕರೆಸಿ, ಕೆಲವು ಗಂಟೆಗಳಲ್ಲಿ ಎಲ್ಲವನ್ನೂ ಮುಗಿಸಿಕೊಳ್ಳುವುದು ಲೇಸು. ಕಲ್ಲಿನ ಪಕ್ಕದಲ್ಲೇ ಆಳವಾದ ಹಳ್ಳ ತೆಗೆದು ಅದರೊಳಕ್ಕೆ ಉರುಳಿಸಿ, ಮೇಲೆ ಮೂರಡಿ ಮಣ್ಣು ಬರುವಂತೆ ಮುಚ್ಚುವ ಕ್ರಮವೂ ಇದೆ. ನೆಲದೊಳಗೆ ಎಷ್ಟು ಇಳಿದಿದೆಯೆಂದು ತಿಳಿಯದ ಹೆಬ್ಬಂಡೆಯನ್ನು ಇದ್ದಲ್ಲೇ ಬಿಟ್ಟು, ಸುತ್ತ ಒಂದು ಹುಣಸೆಯನ್ನೋ ಬೇವನ್ನೋ ನೆಡಿ.

ಸಿಡಿಮದ್ದಿನ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. 2021ರ ಜನವರಿಯಲ್ಲಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ, ಅದರ ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಲ್ಲು ಸಿಡಿಸುವ ಮದ್ದು ಸ್ಫೋಟಿಸಿ ಎಷ್ಟು ಜೀವಗಳು ಹೋದವು ಎಂಬುದನ್ನು ನಾವು ಮರೆಯಬಾರದು. ಕಲ್ಲು ಒಡೆಯುವುದು ಅನಿವಾರ್ಯವಾದರೆ, ಸಾಲಾಗಿ ರಂಧ್ರ ಹಾಕಿ ಉಳಿ ಬಡಿದು ಸೀಳುವ ಕಲ್ಲುಕುಟಿಗರು ಬಯಲುಸೀಮೆಯಲ್ಲಿ ಇಂದಿಗೂ ಇದ್ದಾರೆ. ಅವರು ಸೀಳಿಕೊಟ್ಟ ಕಲ್ಲು ಬೇಲಿ ಕಂಬಕ್ಕೂ ಆಗುತ್ತದೆ.

ಪ್ರಶ್ನೆ: ಸೀತಾಫಲಕ್ಕಾಗಿ ಟ್ರ್ಯಾಕ್ಟರಿಗೆ ಜೋಡಿಸುವ ಗುಂಡಿ ತೋಡುವ ಯಂತ್ರವನ್ನು ಬಾಡಿಗೆಗೆ ತಂದೆವು. ಒಂದಡಿ ಇಳಿದ ಮೇಲೆ ಕಲ್ಲಿಗೆ ಸಿಕ್ಕಿ ನಿಲ್ಲುತ್ತದೆ, ಬೋಲ್ಟು ಪದೇ ಪದೇ ತುಂಡಾಗುತ್ತದೆ. ಗಟ್ಟಿ ಬೋಲ್ಟು ಹಾಕಬಹುದೇ?
— ಹೊಸದುರ್ಗ ತಾಲ್ಲೂಕಿನ ಓದುಗರು

ಉತ್ತರ: ಹಾಕಬಾರದು. ಆ ಬೋಲ್ಟು ಇರುವುದೇ ತಾನು ತುಂಡಾಗಿ ಗೇರ್‌ಬಾಕ್ಸನ್ನು ಉಳಿಸುವುದಕ್ಕೆ. ಅದರ ಜಾಗದಲ್ಲಿ ಹೆಚ್ಚು ಗಡಸಿನ ಬೋಲ್ಟು ಹಾಕಿದರೆ ಮುಂದಿನ ಕಲ್ಲಿಗೆ ಗೇರಿನ ಹಲ್ಲು ಹೋಗುತ್ತದೆ, ಅದರ ಬೆಲೆ ಸಾವಿರ ಬೋಲ್ಟುಗಳಿಗಿಂತ ಹೆಚ್ಚು. ತಯಾರಕರು ಹೇಳಿದ ಅಳತೆಯ ಬೋಲ್ಟನ್ನೇ ಒಂದು ಹಿಡಿ ಜೇಬಿನಲ್ಲಿಟ್ಟುಕೊಳ್ಳಿ. ಯಂತ್ರದ ಕೊರೆಯುವ ಸುರುಳಿ ಕೆಳಗೆ ಸಿಕ್ಕಿಕೊಂಡಾಗ ಹೈಡ್ರಾಲಿಕ್‌ನಿಂದ ಬಲವಾಗಿ ಎತ್ತಲು ಹೋಗದೆ, ಪಿ.ಟಿ.ಓ. ಬಿಡಿಸಿ, ಎಂಜಿನ್ ಪೂರ್ತಿ ನಿಲ್ಲಿಸಿ, ಪೈಪ್ ಪಾನಾದಿಂದ ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿಕೊಳ್ಳಬೇಕು.

ಯಂತ್ರ ಇಳಿಯುತ್ತಿಲ್ಲವೆಂದು ಅದರ ತೋಳಿನ ಮೇಲೆ ಒಬ್ಬರನ್ನು ಭಾರಕ್ಕೆ ನಿಲ್ಲಿಸುವ ರೂಢಿ ಹಲವು ಕಡೆ ಇದೆ. ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಪಂಚೆಯ ಅಂಚೋ, ಹೆಗಲ ಮೇಲಿನ ಟವೆಲ್ಲೋ, ಸೀರೆಯ ಸೆರಗೋ ಅದಕ್ಕೆ ತಾಗಿದರೆ ಬಿಡಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಬಾಡಿಗೆಯವರಿಗೆ ಅದನ್ನು ಹಾಕಿಸಿಕೊಡುವಂತೆ ಹೇಳಿ, ಅಲ್ಲಿಯವರೆಗೆ ಯಂತ್ರ ಓಡಿಸಬೇಡಿ.

ನಿಮ್ಮ ನೆಲಕ್ಕೆ ಈ ಯಂತ್ರ ಹೊಂದುವುದಿಲ್ಲವೆಂದೇ ನನಗೆ ಅನ್ನಿಸುತ್ತದೆ. 5 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 160 ಸೀತಾಫಲದ ಗುಂಡಿಗಳಾಗುತ್ತವೆ. ಎರಡಡಿ ಉದ್ದ, ಅಗಲ, ಆಳದ ಅಷ್ಟು ಗುಂಡಿಗಳನ್ನು ಚಿಕ್ಕ ಬಕೆಟ್ಟಿನ ಜೆಸಿಬಿ ಒಂದೆರಡು ದಿನದಲ್ಲಿ ತೆಗೆಯುತ್ತದೆ, ಕಲ್ಲೂ ಜೊತೆಗೇ ಹೊರಗೆ ಬರುತ್ತದೆ. ಸುರುಳಿಯಂತ್ರ ತೆಗೆದ ಗುಂಡಿಯ ಗೋಡೆ ಹಸಿ ಮಣ್ಣಿನಲ್ಲಿ ನಯವಾಗಿ ಮೆತ್ತಿಕೊಂಡು ಬೇರು ತೂರದಂತಾಗುವುದೂ ಉಂಟು; ಈಗಾಗಲೇ ತೆಗೆದ ಗುಂಡಿಗಳ ಗೋಡೆಯನ್ನು ಪಿಕಾಸಿಯಿಂದ ಅಲ್ಲಲ್ಲಿ ಕೆರೆದು ಒರಟು ಮಾಡಿ.

ಗುಂಡಿ ತೆಗೆಯುವಾಗ ಮೇಲಿನ ಅರ್ಧ ಅಡಿ ಮಣ್ಣನ್ನು ಒಂದು ಬದಿಗೆ, ಕೆಳಗಿನ ಗರಸನ್ನು ಇನ್ನೊಂದು ಬದಿಗೆ ಹಾಕಿಸಿ. ಕೆಲವು ವಾರ ಬಿಸಿಲಿಗೆ ಬಿಟ್ಟು, ನಂತರ ಒಂದೊಂದು ಗುಂಡಿಗೂ ಎರಡು ಮೂರು ಕೊಡ ನೀರು ಹೊಯ್ದು ನೋಡಿ. ಮರುದಿನವೂ ನೀರು ನಿಂತೇ ಇದ್ದರೆ ಕೆಳಗೆ ಬಂಡೆ ಇದೆ. ಆ ಗುಂಡಿಯನ್ನು ಕೈಬಿಟ್ಟು ಕೆಲವು ಅಡಿ ಆಚೆ ಬೇರೆಯದನ್ನು ತೆಗೆಯಿರಿ, ಸಾಲು ಸೊಟ್ಟಗಾದರೂ ಚಿಂತೆಯಿಲ್ಲ. ತುಂಬುವಾಗ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಸಿಕ್ಕರೆ ಕೆರೆಗೋಡು ಬೆರೆಸಿ, ದೊಡ್ಡ ಕಲ್ಲುಗಳನ್ನು ಹೊರಗಿಟ್ಟು, ನೆಲಮಟ್ಟಕ್ಕಿಂತ ಅರ್ಧ ಅಡಿ ಏರಿಸಿ ತುಂಬಿ. ಮೊದಲ ಎರಡು ಮಳೆಗೆ ಅದು ಕುಸಿದು ಸಮವಾಗುತ್ತದೆ. ಕಳಿಯದ ಗೊಬ್ಬರ ಹಾಕಿದರೆ ಕೆಂಪು ಮಣ್ಣಿನಲ್ಲಿ ಗೆದ್ದಲು ಮುತ್ತುವುದು ಖಂಡಿತ. ಕೆರೆಗೋಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಕೆಲವು ಕೆರೆಗಳ ಹೂಳಿನಲ್ಲಿ ಉಪ್ಪು ಹೆಚ್ಚಿರುತ್ತದೆ.

ಪ್ರಶ್ನೆ: ವರ್ಷಕ್ಕೆ ಕೆಲವೇ ದಿನ ಬೇಕಾಗುವ ಸಲಕರಣೆಗಳನ್ನೆಲ್ಲ ಕೊಳ್ಳಬೇಕೇ? ಟ್ರ್ಯಾಕ್ಟರಿನ ಟೈರು ಕೂಡ ಕಲ್ಲಿಗೆ ಕುಯ್ಯುತ್ತಿದೆ.
— ಮಧುಗಿರಿ ತಾಲ್ಲೂಕಿನ ಓದುಗರು

ಉತ್ತರ: ಸ್ಪ್ರಿಂಗ್ ಕಲ್ಟಿವೇಟರ್ ಒಂದನ್ನು ಕೊಂಡರೆ ಸಾಕು. ಉಳಿದವನ್ನು ಬಾಡಿಗೆಗೆ ತನ್ನಿ. ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ನಿಮ್ಮ ಹತ್ತಿರದ ಕೇಂದ್ರದಲ್ಲಿ ಏನೇನು ಲಭ್ಯವೆಂದು ತಿಳಿಯುತ್ತದೆ. ಮಳೆ ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಕೇಳುವುದರಿಂದ ಮೊದಲೇ ಹೆಸರು ಬರೆಸಿ. ಟೈರಿನ ವಿಷಯದಲ್ಲಿ, ಗಾಳಿ ತೀರ ಕಡಿಮೆಯಿದ್ದರೆ ಪಕ್ಕದ ಗೋಡೆ ಉಬ್ಬಿ ಬೆಣಚುಕಲ್ಲಿನ ಅಂಚಿಗೆ ಸಿಗುತ್ತದೆ, ತೀರ ಹೆಚ್ಚಿದ್ದರೆ ಹಿಡಿತ ತಪ್ಪಿ ಚಕ್ರ ಜಾರುವಾಗ ಕುಯ್ಯುತ್ತದೆ. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹೊಲದ ಕೆಲಸಕ್ಕೆ ಹೇಳಿದ ಒತ್ತಡವನ್ನು ವಾರಕ್ಕೊಮ್ಮೆ ಗೇಜಿನಲ್ಲಿ ಅಳೆದು ನೋಡಿ. ಚಕ್ರ ಒಂದೇ ಕಡೆ ಸುತ್ತತೊಡಗಿದ ಕೂಡಲೇ ಎಕ್ಸಿಲೇಟರ್ ಒತ್ತದೆ ಸಲಕರಣೆಯನ್ನು ಮೇಲೆತ್ತುವುದನ್ನು ರೂಢಿಸಿಕೊಂಡರೆ ಅರ್ಧ ಕುಯ್ತ ತಪ್ಪುತ್ತದೆ.

ಪ್ರಶ್ನೆ: ನಮ್ಮದು ಕರಾವಳಿಯ ಮುರಕಲ್ಲಿನ ಗುಡ್ಡ. ಗೇರು ನೆಡಲು ಚಿಕ್ಕ ಟ್ರ್ಯಾಕ್ಟರಿನಿಂದ ನೆಲ ಸಿದ್ಧಪಡಿಸಬಹುದೇ?
— ಅಂಕೋಲಾ ತಾಲ್ಲೂಕಿನ ಓದುಗರು

ಉತ್ತರ: ಮೇಲೆ ಹೇಳಿದ ಕ್ರಮ ನಿಮ್ಮ ನೆಲಕ್ಕೆ ಅನ್ವಯಿಸುವುದಿಲ್ಲ. ಬಯಲುಸೀಮೆಯ ಕಲ್ಲು ಮಣ್ಣಿನೊಳಗೆ ಬಿಡಿಬಿಡಿಯಾಗಿ ಇರುವಂಥದ್ದು, ಮುರಕಲ್ಲು ಒಂದೇ ಹಾಸಿನಂತೆ ಹಬ್ಬಿದ ಗಟ್ಟಿ ಪದರ. ಕಲ್ಟಿವೇಟರಿನ ಹಲ್ಲು ಅದರ ಮೇಲೆ ಗೀರು ಮೂಡಿಸೀತೇ ಹೊರತು ಒಳಗೆ ಇಳಿಯುವುದಿಲ್ಲ, ಕಡಿದಾದ ಗುಡ್ಡದಲ್ಲಿ ಟ್ರ್ಯಾಕ್ಟರ್ ಉರುಳುವ ಭಯ ಬೇರೆ. ಉಳುಮೆಯನ್ನು ಪೂರ್ತಿ ಕೈಬಿಟ್ಟು, ಏಳೂವರೆ ಮೀಟರ್ ಅಂತರದಲ್ಲಿ ಗುಂಡಿಗಳನ್ನು ಮಾತ್ರ ಜೆಸಿಬಿಯಿಂದ ತೆಗೆಸಿ. ಸಾಮಾನ್ಯ ಮಣ್ಣಿನಲ್ಲಿ ಗೇರಿಗೆ ಎರಡಡಿ ಗುಂಡಿ ಸಾಕಾದರೂ ಗಟ್ಟಿ ಮುರಕಲ್ಲಿನಲ್ಲಿ ಒಂದು ಮೀಟರಿನದು ಬೇಕು. ಮಳೆಗಾಲದ ನೀರು ಅದರಲ್ಲಿ ನಿಂತರೆ ಕಸಿ ಗಿಡ ಕೊಳೆಯುತ್ತದೆ. ಇಳಿಜಾರಿನ ಕಡೆಯ ಅಂಚನ್ನು ಸ್ವಲ್ಪ ಸೀಳಿ ನೀರಿಗೆ ದಾರಿ ಮಾಡಿಕೊಡಿ. ಟ್ರ್ಯಾಕ್ಟರಿಗೆ ನಿಮ್ಮಲ್ಲಿ ಉಳಿಯುವ ಕೆಲಸವೆಂದರೆ ಸಮತಟ್ಟಾದ ದಾರಿಯವರೆಗೆ ಮೇಲ್ಮಣ್ಣು ಮತ್ತು ಗೊಬ್ಬರ ಸಾಗಿಸುವುದು. ಅದನ್ನು ಮೇ ತಿಂಗಳೊಳಗೆ ಮುಗಿಸಿ ಗುಂಡಿ ತುಂಬಿಟ್ಟುಕೊಂಡರೆ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಸಿಯ ಗಂಟು ಮಣ್ಣಿನಿಂದ ಎರಡಂಗುಲ ಮೇಲಿರುವಂತೆ ಗಿಡ ನೆಡಬಹುದು.